ಹಂಡೆ ಆಚೆ, ಸರಪಳಿ ಈಚೆ

ಭಾನುವಾರ ಹನ್ನೊಂದು ಗಂಟೆಗೆ, ಇಗರ್ಜಿಯಿಂದ ಜನ ಮನೆ ಸೇರುವ ಹೊತ್ತಿಗೆ ಸರಿಯಾಗಿ, ಅರ್ಮಿದಾ ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಯಾರಾದರೂ ಕೇಳಿದರೆ ಚಳಿ ಕಾಯಿಸಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದಳು. ಬೇಸಿಗೆಯಲ್ಲೂ ಅದನ್ನೇ ಹೇಳುತ್ತಿದ್ದಳು, ನಾಚಿಕೆಯಿಲ್ಲದೆ.

ಗೋಡೆಯ ಆಚೆ ಅವಳ ತಂಗಿ ವೆಲಿಯಾ ತಾಮ್ರದ ಹಂಡೆಯಲ್ಲಿ ಪೊಲೆಂಟಾ ತಿರುವಲು ಶುರು ಮಾಡುತ್ತಿದ್ದಳು. ಮೆಕ್ಕೆಜೋಳದ ಹಿಟ್ಟಿನ ಈ ಮುದ್ದೆಯನ್ನು ನಮ್ಮ ಊರಲ್ಲಿ ಮುಕ್ಕಾಲು ಗಂಟೆ ಕೋಲು ಬಿಡದೆ ತಿರುವಬೇಕು. ಅರ್ಧ ಗಂಟೆಗೇ ಕೈ ತೆಗೆದವಳ ಹೆಸರನ್ನು ಊರು ಮೂರು ತಲೆಮಾರು ನೆನಪಿಡುತ್ತದೆ. ಕೋಲು ಹಂಡೆಯ ತಳಕ್ಕೆ ಉಜ್ಜುವ ಸದ್ದು ಹೊಗೆಗೂಡಿನೊಳಗೆ ಏರಿ, ಈಚೆ ಅರ್ಮಿದಾಳ ಒಲೆಯ ಮೇಲೆ ಇಳಿಯುತ್ತಿತ್ತು. ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಕೊನೆಯಲ್ಲಿ ಕೋಲನ್ನು ಹಂಡೆಯ ಅಂಚಿಗೆ ಮೂರು ಸಲ ಕುಟ್ಟಿದ ಸದ್ದು ಬಂದ ಮೇಲೆ ಎದ್ದು, ಒಲೆಯ ಮೇಲೆ ತೂಗುವ ಹಳೆಯ ಕಬ್ಬಿಣದ ಸರಪಳಿಯನ್ನು ಹಿಡಿದು ಒಮ್ಮೆ ಜೋರಾಗಿ ಅಲ್ಲಾಡಿಸುತ್ತಿದ್ದಳು.

ಹದಿನೆಂಟು ವರ್ಷದಿಂದ ಅಕ್ಕತಂಗಿಯರ ನಡುವೆ ಇದ್ದ ಮಾತುಕತೆ ಇಷ್ಟೇ.

ಶುರುವಿನಲ್ಲಿ ಇದು ಮಾತುಕತೆಯೂ ಆಗಿರಲಿಲ್ಲ, ಬರೀ ಹೊಟ್ಟೆಯುರಿ. ತಾಯಿ ತೀರಿಕೊಂಡ ಮೇಲೆ ಮನೆಯನ್ನು ಎರಡು ಪಾಲು ಮಾಡಿದರು. ದೊಡ್ಡ ಅಡುಗೆಮನೆಯ ನಟ್ಟನಡುವೆ ಒಲೆ, ಅದರ ಮೇಲೆ ಕೊಡೆಯಂಥ ಅಗಲವಾದ ಹೊಗೆಮುಚ್ಚಳ. ಮೇಸ್ತ್ರಿ ಏನೂ ಯೋಚನೆ ಮಾಡದೆ ಒಲೆಯ ಮೇಲೇ ಗೋಡೆ ಎಬ್ಬಿಸಿ ಮುಚ್ಚಳವನ್ನು ಕಲ್ಲಂಗಡಿ ಸೀಳಿದ ಹಾಗೆ ಎರಡು ಮಾಡಿದ. ಮೇಲಿನ ಗೂಡು ಮಾತ್ರ ಒಂದೇ ಉಳಿಯಿತು. ಅದನ್ನು ಸೀಳುವುದಕ್ಕೆ ಅವನ ಕೈಯಲ್ಲೂ ಆಗಲಿಲ್ಲ. ಹೊಲ, ಹಾಸಿಗೆ, ಪೆಟ್ಟಿಗೆ ಎಲ್ಲ ಸಲೀಸಾಗಿ ಹಂಚಿಹೋದವು. ಜಗಳ ಬಂದದ್ದು ಹಂಡೆಗೆ.

"ಒಬ್ಬಳ ಹೊಟ್ಟೆಗೆ ಅಷ್ಟು ದೊಡ್ಡ ಹಂಡೆ ಯಾಕೆ ನಿಂಗೆ?" ಅಂದಿದ್ದಳು ವೆಲಿಯಾ, ಪಾದ್ರಿಗಳ ಎದುರಿಗೇ.

ಅರ್ಮಿದಾಗೆ ಮದುವೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಕುರ್ಚಿ ಕಾರ್ಖಾನೆಯಲ್ಲಿ ಹುಲ್ಲಿನ ಆಸನ ಹೆಣೆದವಳು, ಊರವರನ್ನೆಲ್ಲ ಕೂರಿಸಿದವಳು, ತನ್ನ ಮನೆಯ ಎರಡನೇ ಕುರ್ಚಿಯಲ್ಲಿ ಕೂರುವವರಿಲ್ಲ ಎಂದು ತಂಗಿಯ ಬಾಯಲ್ಲೇ ಕೇಳಬೇಕಾಯಿತು. ಆ ಮಾತು ನೇರ ಎದೆಗೆ ನಾಟಿತು.

"ಇಟ್ಕೋ ನಿನ್ನ ಹಂಡೆ. ಸರಪಳಿ ನಾನು ಕೊಡಲ್ಲ. ಹಂಡೇನ ಎಲ್ಲಿಗೆ ತೂಗುಹಾಕ್ತೀಯೋ ನೋಡ್ತೀನಿ," ಅಂದಳು.

ಹೀಗೆ ನೂರೈವತ್ತು ವರ್ಷ ಒಂದಕ್ಕೊಂದು ಜೋತುಬಿದ್ದಿದ್ದ ಹಂಡೆ ಆಚೆ ಹೋಯಿತು, ಸರಪಳಿ ಈಚೆ ಉಳಿಯಿತು. ನಮ್ಮ ಊರಿನ ಬುದ್ಧಿವಂತಿಕೆಯೇ ಇಂಥದ್ದು: ಇಬ್ಬರಿಗೂ ಉಪಯೋಗವಿಲ್ಲದ ಹಾಗೆ ಹಂಚಿಕೊಂಡರೆ ನ್ಯಾಯ ಆಯಿತು ಅಂತ ಲೆಕ್ಕ. ವೆಲಿಯಾ ಮುಚ್ಚಳದ ತನ್ನ ಅರ್ಧದ ಕೆಳಗೆ ಗ್ಯಾಸ್ ಒಲೆ ಇಟ್ಟು ಅದರ ಮೇಲೆ ಹಂಡೆ ಕೂರಿಸಿದಳು. ಬೇಕೆಂದೇ ಉಜ್ಜಿ ಉಜ್ಜಿ ತನ್ನನ್ನು ಹಂಗಿಸುತ್ತಿದ್ದಾಳೆ ಎಂದುಕೊಂಡು ಅರ್ಮಿದಾ ಸರಪಳಿ ಅಲ್ಲಾಡಿಸಿ ತಿರುಗೇಟು ಕೊಟ್ಟಳು. ಒಂದೆರಡು ವರ್ಷ ಹಾಗೆ ನಡೆಯಿತು. ಆಮೇಲೆ ಯಾವಾಗ ಸಿಟ್ಟು ಸೋರಿಹೋಯಿತೋ, ಯಾವಾಗ ಆ ಸದ್ದಿಗಾಗಿ ಕಾಯುವ ಚಟ ಹತ್ತಿತೋ, ಅವಳಿಗೇ ತಿಳಿಯಲಿಲ್ಲ.

ಆರು ವರ್ಷದ ಹಿಂದೆ ವೆಲಿಯಾಳ ಗಂಡ ರೀನೊ ಸತ್ತಾಗ ಅರ್ಮಿದಾ ಇಗರ್ಜಿಯ ಹಿಂದಿನ ಸಾಲಿನಲ್ಲಿ ನಿಂತು, ಯಾರ ಕಣ್ಣಿಗೂ ಬೀಳದೆ ಮನೆಗೆ ಬಂದಳು. ಆ ಭಾನುವಾರ ಸದ್ದು ಬರಲಾರದು ಅಂದುಕೊಂಡಿದ್ದಳು. ಬಂತು. ಅಷ್ಟೇ ಹೊತ್ತು, ಅದೇ ತುಂಬಿದ ಹಂಡೆಯ ಭಾರವಾದ ಸದ್ದು. ಇನ್ನೊಂದು ಚಳಿಗಾಲ ವೆಲಿಯಾಗೆ ಜ್ವರ ಬಂದು ಮೂರು ಭಾನುವಾರ ಗೋಡೆ ಸುಮ್ಮನಿತ್ತು. ಅರ್ಮಿದಾಗೆ ಜೀವ ಬಾಯಿಗೆ ಬಂದಿತ್ತು. ಪಾದ್ರಿಗಳ ಮನೆಗೆ ಓಡಿ, "ಫಾದರ್, ಆ ಕಡೆ ಓಣಿಯಲ್ಲಿ ಯಾರೋ ಕಾಯಿಲೆ ಬಿದ್ದಿರಬೇಕು, ಸ್ವಲ್ಪ ನೋಡಿ ಬನ್ನಿ" ಅಂದಿದ್ದಳು. ಓಣಿಯಲ್ಲಿ ಇದ್ದದ್ದು ಮೂರೇ ಮನೆ. ಪಾದ್ರಿಗಳು ನಗಲಿಲ್ಲ, ಪುಣ್ಯಾತ್ಮರು.

ಈ ಅಕ್ಟೋಬರದಲ್ಲಿ ಅರ್ಮಿದಾಳ ಬಲಭುಜ ಪೂರ್ತಿ ಹಿಡಿದುಕೊಂಡಿತು. ಕೊಡಲಿ ಎತ್ತುವುದು ಹೋಗಲಿ, ತಲೆ ಬಾಚಿಕೊಳ್ಳುವುದೇ ಕಷ್ಟವಾಯಿತು. ಕಟ್ಟಿಗೆ ಒಲೆ ಸಾಕು, ಪೆಲೆಟ್ ಒಲೆ ಹಾಕಿಸು ಎಂದು ಡಾಕ್ಟರೂ ಹೇಳಿದರು. ಪೆಲೆಟ್ ಅಂದರೆ ಅವಳ ಕುರ್ಚಿ ಕಾರ್ಖಾನೆಯಂಥ ಕಡೆಯ ಮರದ ಪುಡಿಯನ್ನೇ ಒತ್ತಿ ಮಾಡಿದ ಗುಳಿಗೆಗಳು. ಚೀಲ ಸುರಿದು ಗುಂಡಿ ಒತ್ತಿದರೆ ಸಾಕು, ತಾನೇ ಉರಿಯುತ್ತದೆ. ಅವಳು ಒಲೆ ಗೊತ್ತುಮಾಡಿ, ಹೊಗೆಗೂಡು ನೋಡಲು ಪಕ್ಕದ ಊರಿನ ಡುಯಿಲಿಯೊನನ್ನು ಕರೆಸಿದಳು.

ಐವತ್ತು ದಾಟಿದ ಡುಯಿಲಿಯೊ ಬಾಯಿಗೆ ಬೀಗವಿಲ್ಲದ ಮನುಷ್ಯ. ಮಾಡು ಹತ್ತಿ, ಗೂಡಿನೊಳಗೆ ತಂತಿ ಕಟ್ಟಿದ ಕ್ಯಾಮೆರಾ ಇಳಿಬಿಟ್ಟು, ಕೆಳಗಿಳಿದು ಬಂದು ತಲೆ ಆಡಿಸಿದ. ಹೆಂಗಸರನ್ನೆಲ್ಲ ಅವನು ಸಿಯೋರೆ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದ.

"ಸಿಯೋರೆ ಅರ್ಮಿದಾ, ಈ ಗೂಡಿನೊಳಗೆ ಕರು ಕಟ್ಟಬಹುದು. ಇಷ್ಟು ಅಗಲ ಯಾಕ್ರೀ?"

"ನಮ್ಮಜ್ಜ ಮಾಂಸ ಒಣಗಿಸ್ತಿದ್ದ. ಆಗತ್ತೋ ಇಲ್ವೋ ಅದನ್ನ ಹೇಳು."

"ಹೀಗೇ ಆಗಲ್ಲ. ಪೆಲೆಟ್ ಒಲೆ ಹೊಗೆ ಸಣ್ಣದು, ಬಿಸಿ ಕಡಿಮೆ. ಇಷ್ಟು ದೊಡ್ಡ ಗೂಡಲ್ಲಿ ಅರ್ಧ ದಾರೀಲೇ ತಣ್ಣಗಾಗಿ ನಿಂತ್ಬಿಡತ್ತೆ, ಗೋಡೆಯೆಲ್ಲ ಕಪ್ಪು ನೀರು ಸುರಿಯತ್ತೆ. ಮೇಲಿಂದ ಕೆಳಗಿನವರೆಗೆ ಒಳಗೊಂದು ಸ್ಟೀಲ್ ಕೊಳವೆ ಇಳಿಸ್ಬೇಕು, ಒಂದು ಗೇಣು ಅಗಲದ್ದು ಸಾಕು. ಸುತ್ತ ಉಳಿದ ಜಾಗಕ್ಕೆ ಕೆಳಗಡೆ ಶಾಖ ತಡೆಯೋ ಕಲ್ಲುಹತ್ತಿ ತುಂಬಿ ತಗಡು ಹೊಡೀತೀನಿ. ಗಾಳಿಯೂ ನುಸುಳ್ಬಾರ್ದು."

"ಸದ್ದು?" ಎಂದಳು ಅರ್ಮಿದಾ, ಬಾಯಿತಪ್ಪಿ.

"ಸದ್ದಾ? ಇಲಿ ಕೆಮ್ಮಿದ್ರೂ ಕೇಳಿಸಲ್ಲ. ಆದ್ರೆ ಒಂದು ಮಾತು. ಗೂಡು ನಿಮ್ಮೊಬ್ಬರದಲ್ಲ. ಒಂದು ಗೂಡಿಗೆ ಒಂದೇ ಒಲೆ ಅಂತ ನಿಯಮ. ಆ ಕಡೆ ಗೂಡಿನ ಬಾಯಿ ಮುಚ್ಚಿದೆ ಅಂತ ನೀವು ಹೇಳಿದ್ರೂ ಅಲ್ಲೂ ತಗಡು ಹೊಡೀಬೇಕು. ನಿಮ್ಮ ತಂಗಿ ಸಹಿ ಹಾಕ್ದೆ ನಾನು ಒಂದು ಮೊಳೆನೂ ಹೊಡೆಯಲ್ಲ."

ಅರ್ಮಿದಾಳ ಎದೆ ಹಗುರವಾಯಿತು. ವೆಲಿಯಾ ಸಹಿ ಹಾಕುವವಳಲ್ಲ. ಹದಿನೆಂಟು ವರ್ಷ ಹಠ ಹಿಡಿದವಳು, ಈಗ ಬಿಟ್ಟುಕೊಡುತ್ತಾಳೆಯೇ? ಚಳಿಗಾಲ ಎರಡು ಕಂಬಳಿ ಹೊದ್ದು ಕಳೆದರಾಯಿತು. ಆ ಭಾನುವಾರದ ಸದ್ದು ಇರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಭುಜ ಮುರಿದರೂ ಸರಿ, ಅದೊಂದು ಇರಬೇಕು.

"ಹೋಗಿ ಕೇಳು ಮತ್ತೆ," ಅಂದಳು. "ಬೈದರೆ ನನ್ನ ಹೆಸರು ಹೇಳ್ಬೇಡ."

ಡುಯಿಲಿಯೊ ಕಾಗದ ಹಿಡಿದು ಹೊರಟ. ಆಚೆ ಮನೆಯ ಬಾಗಿಲು ಹಿಂದಿನ ಓಣಿಗೆ ಇದೆ. ನೀರಿನ ಕಾರಂಜಿ ಸುತ್ತಿಕೊಂಡು ಇನ್ನೂರು ಹೆಜ್ಜೆ ನಡೆಯಬೇಕು. ಅರ್ಮಿದಾ ಕಿಟಕಿಯಲ್ಲಿ ಕಣ್ಣಿಟ್ಟು ನಿಂತಳು. ಕಾಲು ಗಂಟೆಯಲ್ಲಿ ಅವನು ವಾಪಸು ಬಂದ. ಕಾಗದದ ಕೆಳಗೆ ವೆಲಿಯಾಳ ಸಹಿ ಇತ್ತು, ಶಾಲೆಯ ಹುಡುಗಿಯ ಹಾಗೆ ಗುಂಡಗಿನ ಅಕ್ಷರ.

ಅರ್ಮಿದಾ ಆ ಸಹಿಯ ಮೇಲೆ ಬೆರಳಿಟ್ಟಳು. ಅಂದರೆ ತನ್ನನ್ನು ಮುಚ್ಚಿಹಾಕಲು ತಂಗಿ ಕಾದುಕೊಂಡೇ ಇದ್ದಳು. ಪೆನ್ನು ಕೈಯಲ್ಲೇ ಹಿಡಿದಿದ್ದಳೋ ಏನೋ.

"ಇಷ್ಟು ಬೇಗನಾ?" ಅಂದಳು. "ಏನಂದ್ಳು?"

ಡುಯಿಲಿಯೊ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಸಿಯೋರೆ, ಆ ಕಡೆ ಬಾಯಿ ಮುಚ್ಚಿದೆ ಅಂತ ನೀವು ಹೇಳಿದ್ರಿ."

"ಪಾಲಾದಾಗಲೇ ಇಟ್ಟಿಗೆ ಇಟ್ಟು ಮುಚ್ಚಿಸಿದ್ಳಲ್ಲ. ಮೇಸ್ತ್ರಿಗೆ ಹೇಳಿದ್ದನ್ನ ನಾನೇ ಕೇಳಿದೀನಿ."

"ಒಂದು ಇಟ್ಟಿಗೆನೂ ಇಲ್ಲ. ಅಷ್ಟಗಲ ಬಾಯಿ, ಪೂರ್ತಿ ತೆರೆದಿದೆ. ಅಡುಗೆಮನೆ ಮಾಳಿಗೆ ಕಲ್ಲಿದ್ದಲು ಗಣಿ ಇದ್ದಂಗಿದೆ. ಪ್ರತಿ ಈಸ್ಟರಿಗೆ ಸುಣ್ಣ ಬಳೀತಾರಂತೆ, ತೆಂಕಣ ಗಾಳಿ ಬೀಸಿದ್ರೆ ವಾರದಲ್ಲಿ ಮತ್ತೆ ಕಪ್ಪು. ಹದಿನೆಂಟು ವರ್ಷ ನಿಮ್ಮ ಒಲೆ ಹೊಗೆ ಕುಡ್ಕೊಂಡು ಕೂತಿದಾರೆ ಆಯಮ್ಮ. ಕಿಟಕಿ ಚಿಲಕಾನೇ ಹಾಕಲ್ಲವಂತೆ, ಹಿಮ ಬೀಳ್ಲಿ ಬಿಡ್ಲಿ. ಅದರಿಂದ ಬದುಕಿದಾರೆ, ಇಲ್ದಿದ್ರೆ ಒಂದು ದಿನ ಎದ್ದೇಳ್ತಾನೇ ಇರ್ಲಿಲ್ಲ. ಬೈದೆ ನಾನು, ಬಾಯಿಗೆ ಬಂದಂಗೆ ಬೈದೆ."

"ಯಾಕೆ ಮುಚ್ಚಿಸ್ಲಿಲ್ವಂತೆ?"

"ಅದನ್ನೇ ಕೇಳಿದೆ. ಅವರು ತಿರುಗಿ ಕೇಳಿದ್ದು ಎರಡೇ ಮಾತು. ಮೊದಲನೇದು, ಕೊಳವೆ ಹಾಕಿದ್ರೆ ಅವಳಿಗೆ ಬೆಚ್ಚಗಾಗುತ್ತಾ? ಆಗುತ್ತೆ, ಹಾಕ್ದಿದ್ರೆ ಭುಜ ಹಿಡಿದವರು ಈ ಚಳಿಗಾಲ ಏನ್ಮಾಡ್ತಾರೆ ಅಂದೆ. ಎರಡನೇದು ನೀವು ಕೇಳಿದ್ದೇ."

"ಏನು?"

"ಆಮೇಲೆ ಏನಾದ್ರೂ ಕೇಳ್ಸುತ್ತಾ ಅಂತ. ಇಲ್ಲ ಅಂದೆ. ಗೋಡೆ ಕಡೆ ಮುಖ ಮಾಡ್ಕೊಂಡು ಸಹಿ ಹಾಕಿದ್ರು."

ಅರ್ಮಿದಾ ಕುರ್ಚಿಯಲ್ಲಿ ಕುಸಿದು ಕೂತಳು. ಸದ್ದು ಇಟ್ಟಿಗೆಯ ಸಂದಿನಿಂದ ನುಸುಳುತ್ತದೆ ಎಂದುಕೊಂಡಿದ್ದಳು, ತಾನು ಅದಕ್ಕಾಗಿ ಕಾಯುತ್ತಿದ್ದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಆಚೆ ಒಬ್ಬಳು ತನ್ನ ಹಾಗೇ ಕಾಯುತ್ತಾ, ಅದಕ್ಕಾಗಿ ಹೊಗೆ ತಿನ್ನುತ್ತಿದ್ದಾಳೆ ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಹಸಿ ಕಟ್ಟಿಗೆ ಹಾಕಿದ ದಿನಗಳು ಒಂದೊಂದೇ ನೆನಪಾದವು. ಸಿಟ್ಟು ಬಂದ ದಿನ ಬೇಕೆಂದೇ ಹಾಕಿದ್ದೂ ಇತ್ತು.

ಆಗಲೇ ಎದ್ದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಲಭವಾಗಿ ಕೇಳುತ್ತೀರಿ. ಹದಿನೆಂಟು ವರ್ಷ ನಡೆಯದ ಇನ್ನೂರು ಹೆಜ್ಜೆಯನ್ನು ನೀವು ನಡೆದು ನೋಡಿ.

ನವೆಂಬರದ ಸಾನ್ ಮಾರ್ತಿನೊ ಹಬ್ಬಕ್ಕೆ ಎರಡು ದಿನ ಇರುವಾಗ, ಶನಿವಾರ, ಡುಯಿಲಿಯೊ ಕೊಳವೆಯ ಸುರುಳಿ ಹೊತ್ತು ಬಂದ. ಒಬ್ಬನೇ ಬಂದಿದ್ದ, ಜೊತೆಗಾರನಿಗೆ ಬೆನ್ನು ಹಿಡಿದುಕೊಂಡಿತ್ತಂತೆ. ಗೂಡು ನೆಟ್ಟಗಿರಲಿಲ್ಲ. ಅಟ್ಟದ ಕೆಳಗೆ ವೆಲಿಯಾಳ ಕಡೆಗೆ ವಾಲಿ, ಆಮೇಲೆ ಇತ್ತ ತಿರುಗುತ್ತಿತ್ತು. ಆ ಕಡೆಯಿಂದ ಒಬ್ಬರು ತಳ್ಳಿ, ಈ ಕಡೆಯಿಂದ ಒಬ್ಬರು ಎಳೆದರೆ ಮಾತ್ರ ಕೊಳವೆ ಬಾಗಿ ಬರುತ್ತದೆ. ಅವನು ಇಬ್ಬರಿಗೂ ಬೇರೆಬೇರೆಯಾಗಿ ಕೈಮುಗಿದು ಕೇಳಿಕೊಂಡು ಮಾಡು ಹತ್ತಿದ.

ಅರ್ಮಿದಾ ಹಳೆಯ ಒಲೆ ಕಿತ್ತ ಜಾಗದಲ್ಲಿ ಸ್ಟೂಲು ಹಾಕಿಕೊಂಡು, ಮುಚ್ಚಳದೊಳಗೆ ತಲೆ ತೂರಿಸಿ ನಿಂತಳು. ಕತ್ತಲೆ, ಮಸಿಯ ವಾಸನೆ. ಮೇಲೆ ಎಲ್ಲೋ ಅಂಗೈಯಗಲ ಆಕಾಶ.

"ಸಿಯೋರೆ ಅರ್ಮಿದಾ, ಹಗ್ಗ ಸಿಕ್ತಾ?" ಮೇಲಿಂದ ಕೂಗು ಬಂತು.

"ಇಲ್ಲ."

"ನನ್ನ ಕಡೆ ಬಂದಿದೆ," ಎಂದಿತು ಇನ್ನೊಂದು ದನಿ. ತೀರ ಹತ್ತಿರ, ಕಿವಿಯ ಬುಡದಲ್ಲೇ. "ಡುಯಿಲಿಯೊ, ಅವಳಿಗೆ ಹೇಳು, ಎಡಗೈ ಚಾಚ್ಲಿ."

ಅರ್ಮಿದಾ ಎಡಗೈಯನ್ನು ಕತ್ತಲೆಗೆ ಚಾಚಿದಳು. ದನಿ ಸ್ವಲ್ಪ ಒಡೆದಿತ್ತು, ತಾಯಿಯ ದನಿಯ ಹಾಗಾಗಿತ್ತು.

"ಡುಯಿಲಿಯೊ, ಅವಳಿಗೆ ಹೇಳು, ಚಾಚಿದೀನಿ," ಅಂದಳು.

"ಅಯ್ಯೋ ನಿಮ್ಮ!" ಡುಯಿಲಿಯೊ ಮೇಲಿಂದ ಅರಚಿದ. "ನಾನು ಮಾಡಿನ ಮೇಲೆ ಗಾಳೀಲಿ ನೇತಾಡ್ತಿದೀನಿ, ನೀವಿಬ್ರೂ ಮೊಳ ದೂರದಲ್ಲಿದೀರಿ. ನಾನೇನು ಅಂಚೆಯವನಾ? ನೀವೇ ಹೇಳ್ಕೊಳ್ರೀ!"

ಗೋಡೆ ಮುಗಿದು ಗೂಡು ಒಂದಾಗುವಲ್ಲಿ, ಕತ್ತಲೆಯಿಂದ ಒಂದು ಕೈ ಬಂತು, ಮೊಣಕೈವರೆಗೆ ಮಸಿ. ಕಿರುಬೆರಳು ಸೊಟ್ಟಗಿತ್ತು. ಆರು ವರ್ಷದವಳಿದ್ದಾಗ ಈ ಸರಪಳಿಯಲ್ಲೇ ಜೋಕಾಲಿಯಾಡಲು ಹೋಗಿ ಮುರಿದುಕೊಂಡ ಬೆರಳು, ಆಡಿಸಿದವಳು ಅರ್ಮಿದಾ. ಆ ಕೈ ಹಗ್ಗದ ತುದಿಯನ್ನು ಅವಳ ಅಂಗೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿತು.

"ಹಿಡ್ಕೊಂಡ್ಯಾ?"

"ಹ್ಞೂಂ."

"ಎಳಿ. ನಿಧಾನ... ನಿಲ್ಲು, ಮೂಲೆಗೆ ಸಿಕ್ಕೊಂಡಿದೆ. ಈಗ ಎಳಿ."

ಅರ್ಮಿದಾ ಎಳೆದಳು. ಭುಜ ಚುಳಕ್ಕೆಂದಿತು, ಬಾಯಿಂದ ಸಣ್ಣ ನರಳಿಕೆ ಹೊರಟಿತು.

"ಬಲಗೈ ಎತ್ತಬೇಡ ಮಿದಾ. ಬಿಡು, ನಾನೇ ತಳ್ತೀನಿ."

ಮಿದಾ. ತಾಯಿ ಸತ್ತ ಮೇಲೆ ಆ ಹೆಸರನ್ನು ಯಾರೂ ಕರೆದಿರಲಿಲ್ಲ. ಕರೆಯುವವಳು ಇನ್ನೊಬ್ಬಳೇ ಇದ್ದದ್ದು. ಅಷ್ಟರಲ್ಲಿ ಕೊಳವೆ ಸರಕ್ಕನೆ ಜಾರಿ ಅರ್ಮಿದಾಳ ಕಡೆ ಬಂತು, ಹೊಳೆಯುತ್ತಾ, ಇಬ್ಬರ ನಡುವಿನ ಜಾಗವನ್ನೆಲ್ಲ ತುಂಬಿಕೊಂಡು. ಕೈ ಹಿಂದೆ ಸರಿಯಿತು. ಏನಾದರೂ ಹೇಳಬೇಕೆಂದು ಅವಳು ಬಾಯಿ ತೆರೆದಳು. ಹೊಗೆಯ ವಿಷಯ ಹೇಳಬೇಕಿತ್ತು, ಹಸಿ ಕಟ್ಟಿಗೆಯ ವಿಷಯ ಹೇಳಬೇಕಿತ್ತು. ಡುಯಿಲಿಯೊ ಆಗಲೇ ಏಣಿಯಿಳಿದು ಕಲ್ಲುಹತ್ತಿ, ತಗಡು ಎತ್ತಿಕೊಂಡು ಆಚೆ ಮನೆಗೆ ಹೋಗಿಯಾಗಿತ್ತು. ಮೊಳೆ ಹೊಡೆಯುವ ಸದ್ದು ಬಂತು. ಒಂದೊಂದು ಮೊಳೆಗೂ ಸದ್ದು ಮಂಕಾಗುತ್ತಾ ಹೋಗಿ, ಕೊನೆಯ ಮೊಳೆ ಕೇಳಿಸಲೇ ಇಲ್ಲ.

ಭಾನುವಾರ ಬೆಳಗ್ಗೆ ಮನೆ ಬೆಚ್ಚಗಿತ್ತು. ಹೊಸ ಒಲೆಯ ಗಾಜಿನ ಹಿಂದೆ ಬೆಂಕಿ ಶಿಸ್ತಾಗಿ ಉರಿಯುತ್ತಿತ್ತು, ಒಳಗಿನ ಫ್ಯಾನು ಗುಂಯ್ಗುಡುತ್ತಿತ್ತು. ಅರ್ಮಿದಾ ತಿಂಗಳಿಂದೀಚೆಗೆ ಮೊದಲ ಸಲ ಭುಜ ನೋಯದೆ ನಿದ್ದೆ ಮಾಡಿ ಎದ್ದಿದ್ದಳು. ಹನ್ನೊಂದಾಯಿತು. ಕುರ್ಚಿ ಎಳೆದುಕೊಂಡು ಕೂತಳು. ಫ್ಯಾನಿನ ಸದ್ದು ಅಡ್ಡ ಬರುತ್ತಿದೆ ಎನಿಸಿ ಗುಂಡಿ ಒತ್ತಿ ಒಲೆ ಆರಿಸಿದಳು. ಅದು ತಣ್ಣಗಾಗಿ ಫ್ಯಾನು ನಿಲ್ಲಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಒಲೆಯ ಮೇಲೆ ಹೊಡೆದ ತಗಡಿಗೆ ಕಿವಿಯಿಟ್ಟಳು. ಏನೂ ಇಲ್ಲ. ಗೋಡೆಗೆ ಕಿವಿಯಿಟ್ಟಳು. ತನ್ನ ಕಿವಿಯೊಳಗಿನ ಸದ್ದೇ ಕೇಳಿಸಿತು. ಸರಪಳಿ ಹಿಡಿದು ಅಲ್ಲಾಡಿಸಿದಳು, ಮತ್ತೆ ಅಲ್ಲಾಡಿಸಿದಳು. ಅದು ತನ್ನ ಅಡುಗೆಮನೆಯಲ್ಲೇ ಸುತ್ತಿ ಸತ್ತಿತು. ತಂಗಿ ಅಲ್ಲೇ ಇದ್ದಾಳೆ, ಮೊಳ ದೂರದಲ್ಲಿ ಕೋಲು ತಿರುವುತ್ತಿದ್ದಾಳೆ, ತಾನಿಲ್ಲಿ ಬೆಚ್ಚಗೆ ಬದುಕಿಕೊಂಡಿದ್ದೇನೆ. ಅವಳಿಗೆ ತಡೆಯಲಾಗಲಿಲ್ಲ. ಸಣ್ಣ ಮಗುವಿನ ಹಾಗೆ ಗಟ್ಟಿಯಾಗಿ ಅತ್ತಳು.

ಅತ್ತು ಮುಗಿದ ಮೇಲೆ ಸ್ಟೂಲು ಹತ್ತಿ, ಎಡಗೈಯಲ್ಲಿ ಸರಪಳಿಯನ್ನು ಕೊಕ್ಕೆಯಿಂದ ಬಿಡಿಸಿದಳು. ಅದು ಎಂಟು ಕಿಲೋ ತೂಗುತ್ತಿತ್ತು. ಎಡಭುಜದ ಮೇಲೆ ಹಾಕಿಕೊಂಡು ಬೀದಿಗಿಳಿದಳು.

ಇಗರ್ಜಿ ಬಿಟ್ಟ ಜನ ಇನ್ನೂ ಕಾರಂಜಿಯ ಹತ್ತಿರ ಗುಂಪುಗಟ್ಟಿದ್ದರು. ಎಲ್ಲರ ಮಾತೂ ನಿಂತಿತು. ಒನೊರೀನಾ ಎಂಬ ನೆರೆಯವಳಿಗೆ ಮಾತ್ರ ನಾಲಿಗೆ ನಿಲ್ಲಲಿಲ್ಲ.

"ಏನೇ ಅರ್ಮಿದಾ, ಹಸು ತಪ್ಪಿಸ್ಕೊಂಡು ಹೋಯ್ತಾ?"

"ಹೌದು ಕಣೆ. ಹದಿನೆಂಟು ವರ್ಷ ಆಯ್ತು," ಅಂದಳು ಅರ್ಮಿದಾ, ನಿಲ್ಲದೆ.

ವೆಲಿಯಾಳ ಬಾಗಿಲಿನ ಮುಂದೆ ಬಂದು ನಿಂತಳು. ಒಳಗಿನಿಂದ ಸದ್ದು ಬರುತ್ತಿತ್ತು. ಗೂಡಿನೊಳಗೆ ಹಾದು ಬಂದ ಸದ್ದಲ್ಲ, ಹತ್ತಿರದ್ದು, ಪೂರ್ತಿಯದ್ದು. ಇಷ್ಟು ವರ್ಷ ಕೇಳಿದ್ದು ಅದರ ನೆರಳು ಮಾತ್ರ ಎಂದು ಅವಳಿಗೆ ಈಗ ಗೊತ್ತಾಯಿತು. ಬಾಗಿಲು ಬಡಿಯಲು ಕೈ ಏಳಲಿಲ್ಲ. ಭುಜ ಸ್ವಲ್ಪ ಅಲುಗಿತು, ಸರಪಳಿ ಝಣ್ ಎಂದಿತು.

ಒಳಗೆ ಕೋಲು ನಿಂತಿತು.

ಪೊಲೆಂಟಾ ನಡುವೆ ಕೋಲು ನಿಲ್ಲಿಸುವವರನ್ನು ನಮ್ಮ ಊರು ಕಂಡಿಲ್ಲ.

"ಬಾಗಿಲು ತಳ್ಳು," ಎಂದಿತು ದನಿ. "ನಾನು ಬಂದ್ರೆ ತಳ ಹಿಡಿಯತ್ತೆ."

ತಳ್ಳಿದಳು. ಮಾಳಿಗೆ ಡುಯಿಲಿಯೊ ಹೇಳಿದ್ದಕ್ಕಿಂತ ಕಪ್ಪಗಿತ್ತು. ಅದರ ಕೆಳಗೆ ಹೊಸ ತಗಡು ಹೊಳೆಯುತ್ತಿತ್ತು. ವೆಲಿಯಾ ಬೆನ್ನು ತಿರುಗಿಸಿ ನಿಂತಿದ್ದಳು, ಕೋಲು ಎರಡೂ ಕೈಯಲ್ಲಿ. ಹಂಡೆ ಅಂಚಿನವರೆಗೆ ತುಂಬಿತ್ತು, ಎಂಟು ಜನ ಉಣ್ಣುವಷ್ಟು.

ಅರ್ಮಿದಾ ಸರಪಳಿಯನ್ನು ಮೇಜಿನ ಮೇಲೆ ಇಳಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

ವೆಲಿಯಾ ತಿರುಗಲಿಲ್ಲ. ಕೋಲನ್ನು ಒಂದು ಸುತ್ತು ತಿರುವಿದಳು, ಇನ್ನೊಂದು ಸುತ್ತು ತಿರುವಿದಳು.

"ಒಬ್ಬಳ ಹೊಟ್ಟೆಗೆ," ಅಂದಳು, ದನಿ ಅರ್ಧಕ್ಕೇ ಒಡೆಯಿತು, "ಈ ಹಂಡೆ ತುಂಬಾ ದೊಡ್ಡದು ಮಿದಾ."

ಅರ್ಮಿದಾ ಹತ್ತಿರ ಹೋದಳು. ಕೋಲಿನ ಮೇಲೆ, ತಂಗಿಯ ಸೊಟ್ಟ ಬೆರಳಿನ ಪಕ್ಕದಲ್ಲಿ, ತನ್ನ ಎಡಗೈ ಇಟ್ಟು ತಿರುವತೊಡಗಿದಳು. ಇನ್ನೂ ಕಾಲು ಗಂಟೆಯ ಕೆಲಸ ಬಾಕಿಯಿತ್ತು.